ಒರೆಸುವುದಕ್ಕೆ 70, ಪರೀಕ್ಷೆಗೆ 1

1995ರ ಒಂದೇ ವರ್ಷದಲ್ಲಿ ಅಮೆರಿಕದ ಹೆಂಗಸರ ಮೂತ್ರ ಸೋರಿಕೆಗೆ ನೇರವಾಗಿ ಖರ್ಚಾದ ಹಣ 1,240 ಕೋಟಿ ಡಾಲರ್. ಗಂಡಸರದ್ದು 380 ಕೋಟಿ. 2001ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ಒಟ್ಟು ಮೊತ್ತಕ್ಕಿಂತ ದೊಡ್ಡ ವಿಷಯ, ಹೆಂಗಸರ ಪಾಲಿನ ಹಣ ಹಂಚಿಹೋದ ರೀತಿ. ನೂರು ಡಾಲರಿನಲ್ಲಿ 70 ಹೋದದ್ದು ಪ್ಯಾಡು, ಡೈಪರು, ಬಟ್ಟೆ ಒಗೆಯುವುದು ಇಂಥ ದಿನನಿತ್ಯದ ನಿಭಾವಣೆಗೆ. 14 ಹೋದದ್ದು ವೃದ್ಧರ ಆರೈಕೆ ಮನೆಗೆ ಸೇರಿಸುವುದಕ್ಕೆ. ಸೋರಿಕೆಯಿಂದ ಹುಟ್ಟಿದ ತೊಡಕುಗಳಿಗೆ 6. ಚಿಕಿತ್ಸೆಗೆ 9. ಏನಾಗಿದೆ, ಯಾಕಾಗಿದೆ ಎಂದು ಪರೀಕ್ಷೆ ಮಾಡಿ ಕಂಡುಹಿಡಿಯುವುದಕ್ಕೆ 1.

ಮಂಡಿ ನೋವೆಂದರೆ ಎಕ್ಸ್-ರೇ ತೆಗೆಸುತ್ತೇವೆ, ಎದೆ ಹಿಡಿದುಕೊಂಡರೆ ಇಸಿಜಿ ಮಾಡಿಸುತ್ತೇವೆ. ಮೂತ್ರ ಸೋರಿದರೆ ಮಾತ್ರ ಮೊದಲು ಮಾಡುವ ಕೆಲಸ ಹಳೇ ಸೀರೆ ಹರಿದು ಬಟ್ಟೆ ಮಡಚಿಟ್ಟುಕೊಳ್ಳುವುದು, ಎರಡನೆಯದು ಮದುವೆ-ಮುಂಜಿಗೆ ಹೋಗುವುದನ್ನು ನಿಲ್ಲಿಸುವುದು. ವೈದ್ಯರ ಹತ್ತಿರ ಹೋಗುವ ಮಾತು ಬಂದರೆ ಅದು ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಾಗಿದ್ದರೆ ಶ್ರೀಮಂತ ಅಮೆರಿಕದ ಲೆಕ್ಕ ಹೀಗಿರುತ್ತಿರಲಿಲ್ಲ. ಒಂದು ಸ್ನಾಯುವಿನ, ಒಂದು ನರದ ಸೋಲನ್ನು ನಾವು ನಡತೆಯ ಖಾತೆಗೆ ಬರೆದುಕೊಂಡಿದ್ದೇವೆ. ನಡತೆಯ ಖಾತೆಯಲ್ಲಿರುವುದನ್ನು ಯಾರೂ ಪರೀಕ್ಷೆಗೆ ಒಯ್ಯುವುದಿಲ್ಲ, ಮುಚ್ಚಿಡುತ್ತಾರೆ.

ಈ ಗೊಂದಲ ಹಳೆಯದು. ಮೂತ್ರ ತಡೆಯಲಾಗದ ದೇಹವನ್ನೂ ಆಸೆ ತಡೆಯಲಾಗದ ಮನಸ್ಸನ್ನೂ ಯುರೋಪು ಶತಮಾನಗಳ ಕಾಲ ‘ಇನ್‌ಕಾಂಟಿನೆನ್ಸ್’ ಎಂಬ ಒಂದೇ ಹೆಸರಿನಿಂದ ಕರೆದಿದೆ. ಎರಡರ ನಡುವೆ ಇರುವ ಅಂತರ ಎಷ್ಟೆಂಬುದನ್ನು ಅಳತೆಗಳೇ ಹೇಳುತ್ತವೆ.

ದೇಹದ ಅಳತೆ ಮೊದಲು. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರ ಶೇ. 99ರಷ್ಟು ರಕ್ತಕ್ಕೇ ವಾಪಸಾಗಿ, ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನ ಆಸುಪಾಸು. ಅದನ್ನು ಕೂಡಿಟ್ಟುಕೊಳ್ಳುವ ಮೂತ್ರಕೋಶ ದೊಡ್ಡವರಲ್ಲಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150–200 ತುಂಬಿದಾಗ ಮೊದಲ ಸೂಚನೆ ಬರುತ್ತದೆ. ಹಗಲಲ್ಲಿ ಏಳೆಂಟು ಸಲ, ರಾತ್ರಿ ಹೆಚ್ಚೆಂದರೆ ಒಂದು ಸಲ ಎದ್ದು ಹೋಗುವುದು ಸಹಜ. ಹೊರದಾರಿಯಲ್ಲಿ ಎರಡು ಬಿಗಿತಗಳಿವೆ. ಒಳಗಿನ ಸ್ನಾಯು ನಮ್ಮ ಮಾತು ಕೇಳುವುದಿಲ್ಲ, ಅದರ ಕೆಲಸ ಅದೇ ಮಾಡಿಕೊಳ್ಳುತ್ತದೆ. ಹೊರಗಿನದು ಮಾತ್ರ ನಮ್ಮ ಹಿಡಿತದಲ್ಲಿದೆ. ಬೆನ್ನುಹುರಿಯ ಕೆಳತುದಿಯ 2, 3, 4ನೇ ಸೇಕ್ರಲ್ ನರಬೇರುಗಳಿಂದ ಹೊರಟ ಪ್ಯುಡೆಂಡಲ್ ನರ ಅದನ್ನು ಆಳುತ್ತದೆ. ಬಿಡಬೇಕೋ ಹಿಡಿಯಬೇಕೋ ಎಂಬ ಸ್ವಿಚ್ಚು ಮೆದುಳಿನ ಕಾಂಡದಲ್ಲಿದೆ. ಬ್ಯಾರಿಂಗ್ಟನ್ ಎಂಬ ಸಂಶೋಧಕ 1925ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಅದರ ಜಾಗ ಗುರುತಿಸಿದ.

ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಸೋರುತ್ತದೆ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಬಿಂದಿಗೆ ಎತ್ತಿದರೆ ಸೋರುವುದು ಒಂದು ಬಗೆ: ಹೊಟ್ಟೆಯೊಳಗಿನ ಒತ್ತಡಕ್ಕೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಎದುರು ನಿಲ್ಲುವುದಿಲ್ಲ. ‘ಬಂತು ಅನ್ನುವಷ್ಟರಲ್ಲಿ ಆಗಿಹೋಗುತ್ತೆ’ ಎಂಬುದು ಇನ್ನೊಂದು: ಮೂತ್ರಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ಪ್ರಾಸ್ಟೇಟ್ ಊದಿದ ಗಂಡಸರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಕೋಶ ಪೂರ್ತಿ ಖಾಲಿಯಾಗದೆ ತುಂಬಿ ತುಳುಕುವುದೂ ಉಂಟು. ಮಂಡಿ ಹಿಡಿದುಕೊಂಡ ಅಜ್ಜಿ ಹಿತ್ತಲ ಬಚ್ಚಲಿಗೆ ತಲುಪುವಷ್ಟರಲ್ಲಿ ಸೋರಿತು ಎಂದರೆ ತಪ್ಪು ಮೂತ್ರಕೋಶದ್ದೂ ಅಲ್ಲ, ದೂರದ್ದು.

ಒಣಗಿರುವುದಕ್ಕೂ ಸೋರುವುದಕ್ಕೂ ವೈದ್ಯಶಾಸ್ತ್ರ ಇಟ್ಟ ಗಡಿ ಎಷ್ಟು ತೆಳು ನೋಡಿ. ಒಂದು ಗಂಟೆಯ ಪ್ಯಾಡ್ ಪರೀಕ್ಷೆಯಲ್ಲಿ ಮೊದಲೇ ತೂಗಿದ ಪ್ಯಾಡ್ ಕಟ್ಟಿಕೊಂಡು, ಅರ್ಧ ಲೀಟರ್ ನೀರು ಕುಡಿದು, ನಡೆದು, ಮೆಟ್ಟಿಲು ಹತ್ತಿ, ಕೆಮ್ಮಿ, ಬಗ್ಗಿ ಎದ್ದು, ಕೊನೆಗೆ ಮತ್ತೆ ತೂಗುತ್ತಾರೆ. ತೂಕ 1 ಗ್ರಾಂ ದಾಟಿದರೆ ಸೋರಿಕೆ ಎಂದು ಲೆಕ್ಕ.

ಆದರೆ ತಕ್ಕಡಿಗಿಂತ ದೊಡ್ಡ ಬದಲಾವಣೆ ಬಂದದ್ದು 2002ರಲ್ಲಿ. 1971ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ ಅಲ್ಲಿಯವರೆಗೆ, ಸೋರಿಕೆಯನ್ನು ಕಣ್ಣಿಗೆ ತೋರಿಸಲು ಸಾಧ್ಯವಿರಬೇಕು, ಅದು ಸಾಮಾಜಿಕವಾಗಿಯೋ ಶುಚಿತ್ವದ ದೃಷ್ಟಿಯಿಂದಲೋ ತೊಂದರೆಯಾಗಿರಬೇಕು ಎನ್ನುತ್ತಿತ್ತು. 2002ರ ನಂತರ, ಇಚ್ಛೆಯಿಲ್ಲದೆ ಮೂತ್ರ ಹೋಗುತ್ತದೆ ಎಂದು ವ್ಯಕ್ತಿ ಹೇಳಿದರೆ ಸಾಕಾಯಿತು, ಎಷ್ಟೇ ಕಡಿಮೆ ಹೋದರೂ. ಹೆಂಗಸಿನ ಮಾತನ್ನು ನಂಬಲು ಪುರಾವೆ ಬೇಡವಾಯಿತು ಎಂಬುದು ಒಂದು ಲಾಭ. ‘ಇಚ್ಛೆಯಿಲ್ಲದೆ’ ಎಂಬ ಷರತ್ತು ವ್ಯಾಖ್ಯೆಯ ಹೊಸ್ತಿಲಲ್ಲೇ ಕುಳಿತಿದೆ ಎಂಬುದು ಇನ್ನೊಂದು. ವೈದ್ಯಕೀಯದಲ್ಲಿ ಇಚ್ಛೆ ಬಂದರೆ ಅದು ಈ ಕಾಯಿಲೆಯೇ ಅಲ್ಲ.

ತತ್ವಶಾಸ್ತ್ರದಲ್ಲಿ ಇದರ ನೇರ ವಿರುದ್ಧ. ಅರಿಸ್ಟಾಟಲನ ನೀತಿಗ್ರಂಥದ ಹತ್ತು ಭಾಗಗಳಲ್ಲಿ ಏಳನೆಯದರ ಮೊದಲ ಹತ್ತು ಅಧ್ಯಾಯಗಳು ಆಸೆ ತಡೆಯಲಾಗದ ಮನಸ್ಸಿನ ವಿಷಯಕ್ಕೇ ಮೀಸಲು. ಗ್ರೀಕರು ಇದನ್ನು ಅಕ್ರೇಸಿಯ ಎಂದರು: ಯಾವುದು ಸರಿ ಎಂದು ಗೊತ್ತಿದ್ದೂ ಆಸೆಗೆ ಮಣಿದು ಇನ್ನೊಂದನ್ನು ಮಾಡುವುದು. ಸಕ್ಕರೆ ಕಾಯಿಲೆಯವನು ಕೆಡುಕೆಂದು ತಿಳಿದೇ ಎರಡನೇ ಹೋಳಿಗೆಗೆ ಕೈಚಾಚುತ್ತಾನಲ್ಲ, ಅದು. ಪ್ಲೇಟೋನ ‘ಪ್ರೊಟಾಗೊರಸ್’ ಸಂವಾದದಲ್ಲಿ ಸಾಕ್ರೆಟೀಸ್ ಇಂಥದ್ದು ಸಾಧ್ಯವೇ ಇಲ್ಲ, ನಿಜವಾಗಿ ಗೊತ್ತಿದ್ದವನು ಹಾಗೆ ಮಾಡುವುದಿಲ್ಲ ಎಂದು ವಾದಿಸಿದ್ದ. ಕಣ್ಣೆದುರಿಗೆ ನಡೆಯುವುದನ್ನು ಇಲ್ಲವೆನ್ನಲು ಅರಿಸ್ಟಾಟಲ್ ಒಪ್ಪಲಿಲ್ಲ. ಅವನ ಪ್ರಕಾರ ಇಂಥವನು ಇಚ್ಛೆಯಿಂದಲೇ ಮಾಡುತ್ತಾನೆ, ಆದರೆ ಅವನ ಉದ್ದೇಶ ಒಳ್ಳೆಯದಿರುವುದರಿಂದ ಅರ್ಧ ಮಾತ್ರ ಕೆಟ್ಟವನು. ಯೋಚಿಸದೆ ನುಗ್ಗುವವನು ಒಂದು ಬಗೆ, ಯೋಚಿಸಿ ನಿರ್ಧರಿಸಿಯೂ ನಿರ್ಧಾರದಲ್ಲಿ ನಿಲ್ಲಲಾರದವನು ಇನ್ನೊಂದು ಬಗೆ ಎಂದೂ ಅವನು ವಿಂಗಡಿಸಿದ.

ಕಾಯಿಲೆಯಿಂದ, ಹುಟ್ಟಿನಿಂದ ಬಂದ ಅಸಹಜ ಸ್ಥಿತಿಗಳನ್ನು ಅರಿಸ್ಟಾಟಲ್ ಈ ದೋಷದ ಪಟ್ಟಿಯಿಂದ ಹೊರಗಿಟ್ಟಿದ್ದ. ಮೂರನೇ ಭಾಗದಲ್ಲಿ ಇನ್ನೂ ಸ್ಪಷ್ಟವಾಗಿ, ಹುಟ್ಟು ಕುರುಡನನ್ನೋ ಕಾಯಿಲೆ ಬಂದು, ಏಟು ಬಿದ್ದು ಕಣ್ಣು ಹೋದವನನ್ನೋ ಯಾರೂ ಬೈಯುವುದಿಲ್ಲ, ಮರುಗುತ್ತಾರೆ ಎಂದ. ಗೆರೆ ಎಳೆದದ್ದು ಕ್ರಿ.ಪೂ. 4ನೇ ಶತಮಾನದಲ್ಲಿ. 1240ರ ದಶಕದಲ್ಲಿ ರಾಬರ್ಟ್ ಗ್ರೋಸ್‌ಟೆಸ್ಟ್ ಆ ಗ್ರಂಥವನ್ನು ಪೂರ್ತಿಯಾಗಿ ಲ್ಯಾಟಿನ್ನಿಗೆ ತಂದ. ಆಮೇಲೆ ಬಂದ ಡಾಂಟೆ ತನ್ನ ನರಕದ ಒಂಬತ್ತು ಸುತ್ತುಗಳಲ್ಲಿ ನಾಲ್ಕನ್ನು, ಎರಡರಿಂದ ಐದನೆಯದರವರೆಗೆ, ಈ ಅಸಂಯಮಿಗಳಿಗೆ ಕೊಟ್ಟ: ಕಾಮ, ಹೊಟ್ಟೆಬಾಕತನ, ದುರಾಸೆ ಮತ್ತು ದುಂದು, ಕೋಪ. ದೇಹದ ಸೋರಿಕೆಗೆ ಅಲ್ಲಿ ಜಾಗವಿಲ್ಲ.

ಇದೇ ಗೆರೆಯನ್ನು ಇನ್ನೂ ಚೊಕ್ಕವಾಗಿ ಎಳೆದದ್ದು ನಮ್ಮ ಚರಕಸಂಹಿತೆ ಎಂದು ನನಗನಿಸುತ್ತದೆ. ಸೂತ್ರಸ್ಥಾನದ ಏಳನೇ ಅಧ್ಯಾಯದಲ್ಲಿ ಎರಡು ಪಟ್ಟಿಗಳಿವೆ. ತಡೆಯಬಾರದ ವೇಗಗಳು 13: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿದಾಗಿನ ಏದುಸಿರು. ತಡೆಯಬೇಕಾದವು ಬೇರೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜತೆ, ಈರ್ಷ್ಯೆ, ಅತಿಮೋಹ, ಪರರ ವಸ್ತುವಿನ ಆಸೆ. ಮನಸ್ಸಿನ ಪಟ್ಟಿಗೆ ಸಂಯಮ ಬೇಕು, ದೇಹದ ಪಟ್ಟಿಗೆ ಅವಕಾಶ ಬೇಕು. ನಾವು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದೇವೆ. ಕೋಪ ಬಂದಾಗ ಬಾಯಿಗೆ ಬಂದದ್ದು ಅನ್ನುವವರಿಗೆ ವಿನಾಯಿತಿ ಇದೆ. ಒಂದಕ್ಕೆ ಹೋಗಿ ಬರುತ್ತೇನೆ ಎನ್ನುವ ಹೆಣ್ಣುಮಗಳು ಸೂಪರ್‌ವೈಸರ್ ಮುಖ ನೋಡಬೇಕು. ಶೌಚಾಲಯ ಒದಗಿಸಬೇಕೆಂದು 1948ರಲ್ಲೇ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್ ಹೇಳಿತ್ತು. ಆದರೂ ಬೆಳಗ್ಗೆ ಮನೆ ಬಿಟ್ಟು ಸಂಜೆ ವಾಪಸಾಗುವವರೆಗೆ ನೀರು ಕುಡಿಯದೆ ಇರುವ ಉಪಾಯ ನಮ್ಮ ಟೀಚರುಗಳಿಗೆ, ಪೌರಕಾರ್ಮಿಕರಿಗೆ, ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆ ಚೆನ್ನಾಗಿ ಗೊತ್ತು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಕೋಶವನ್ನು ಕೆರಳಿಸುತ್ತದೆ, ಸೋಂಕು ಸುಲಭವಾಗುತ್ತದೆ, ಅವಸರ ಇನ್ನಷ್ಟು ಹೆಚ್ಚುತ್ತದೆ.

ಎಷ್ಟು ಜನರ ಮಾತು ಇದು? ನಾರ್ವೆಯ ಒಂದು ಪ್ರಾಂತ್ಯದಲ್ಲಿ 1995–97ರಲ್ಲಿ 20 ವರ್ಷ ದಾಟಿದ 27,936 ಹೆಂಗಸರನ್ನು ಕೇಳಿದಾಗ ಶೇ. 25ರಷ್ಟು ಮಂದಿ ಸೋರಿಕೆ ಇದೆ ಎಂದರು. ಬದುಕಿಗೆ ತೊಡಕಾಗುವಷ್ಟು ಇದ್ದದ್ದು ಶೇ. 7ರಷ್ಟು ಮಂದಿಗೆ. ಭಾರತದಲ್ಲಿ ಆಸ್ಪತ್ರೆಗೆ ಬಂದ 3,000 ಹೆಂಗಸರ ಸಮೀಕ್ಷೆಯೊಂದು 2013ರಲ್ಲಿ ಪ್ರಕಟವಾಯಿತು: 656 ಮಂದಿ, ಅಂದರೆ ಶೇ. 21.8. ಅವರಲ್ಲಿ ಸುಮಾರು ಮುಕ್ಕಾಲು ಪಾಲಿನದು ಕೆಮ್ಮು-ಸೀನಿನ ಬಗೆ. ನಾಲ್ಕೈದು ಹೆಂಗಸರಲ್ಲಿ ಒಬ್ಬರು ಎಂಬ ಪ್ರಮಾಣ ಎರಡು ದೂರದ ದೇಶಗಳಲ್ಲೂ ಹತ್ತಿರ ಹತ್ತಿರ ಬಂದಿದೆ.

ಯಾಕೆ ಹೆಂಗಸರಿಗೇ ಹೆಚ್ಚು ಎಂಬುದಕ್ಕೆ ಒಂದು ಉತ್ತರವನ್ನು ಅದೇ ನಾರ್ವೆಯ ಜನರಿಂದ ಆಯ್ದ 15,307 ಮಂದಿಯ ಲೆಕ್ಕ 2003ರಲ್ಲಿ ಕೊಟ್ಟಿತು. ಹೆರದವರಲ್ಲಿ ಶೇ. 10.1, ಸಿಸೇರಿಯನ್ ಆದವರಲ್ಲಿ 15.9, ಸಹಜ ಹೆರಿಗೆಯವರಲ್ಲಿ 21. ಹೆರಿಗೆಯೊಂದೇ ಕಾರಣವಲ್ಲ, ಹೆರದವರಲ್ಲೂ ಹತ್ತಕ್ಕೆ ಒಬ್ಬರಿದ್ದಾರೆ. ಆದರೆ ಹೆಚ್ಚಾದ ಪಾಲು ಮಕ್ಕಳನ್ನು ಹೊತ್ತು ಹೆತ್ತ ದೇಹಗಳದ್ದು. ವಂಶ ಬೆಳೆಸಿದ್ದಕ್ಕೆ ಆರತಿ ಎತ್ತಿದ ಮನೆಯೇ ಮೂವತ್ತು ವರ್ಷದ ನಂತರ ಅದೇ ದೇಹದ ವಾಸನೆಗೆ ಮುಖ ತಿರುಗಿಸುತ್ತದೆ ಎಂಬುದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಇದರ ಅತಿ ಕ್ರೂರ ರೂಪ ಪ್ರಸೂತಿ ಫಿಸ್ಟುಲಾ. ದಿನಗಟ್ಟಲೆ ಹೆರಿಗೆ ಕಚ್ಚಿಕೊಂಡಾಗ ಮಗುವಿನ ತಲೆಯ ಒತ್ತಡಕ್ಕೆ ಮೂತ್ರಕೋಶದ ಗೋಡೆ ಕೊಳೆತು ತೂತಾಗುತ್ತದೆ; ಮೂತ್ರ ಹಗಲೂ ರಾತ್ರಿ ಹರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಏಷ್ಯಾ ಮತ್ತು ಸಹರಾದ ಕೆಳಗಿನ ಆಫ್ರಿಕಾದಲ್ಲಿ 20 ಲಕ್ಷಕ್ಕೂ ಹೆಚ್ಚು ಎಳೆಯ ಹೆಂಗಸರು ಚಿಕಿತ್ಸೆಯಿಲ್ಲದೆ ಹೀಗೆ ಬದುಕಿದ್ದಾರೆ, ವರ್ಷಕ್ಕೆ 50,000ದಿಂದ 1 ಲಕ್ಷ ಹೊಸ ಪ್ರಕರಣ. ಸಕಾಲಕ್ಕೆ ಸಿಸೇರಿಯನ್ ಸಿಗದಿದ್ದುದು ಕಾರಣ. ಗಂಡನಿಂದ ದೂರವಾಗಿ, ಊರಿಂದ ಆಚೆಯಾಗಿ, ಶಾಪಗ್ರಸ್ತೆ ಎನಿಸಿಕೊಳ್ಳುವುದು ಮಾತ್ರ ಆ ಹೆಣ್ಣು. ಇಥಿಯೋಪಿಯದ ಅಡಿಸ್ ಅಬಾಬಾದಲ್ಲಿ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿ ಇವರಿಗಾಗಿಯೇ ಆಸ್ಪತ್ರೆ ತೆರೆದದ್ದು 1974ರಲ್ಲಿ.

ಮಕ್ಕಳ ಲೆಕ್ಕ ಚಿಕ್ಕದು, ಹೇಳಲೇಬೇಕಾದದ್ದು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಾರೆ. 40 ಮಕ್ಕಳ ತರಗತಿಯಲ್ಲಿ 6. ಪ್ರತಿ ವರ್ಷ ಅಂಥವರಲ್ಲಿ ಶೇ. 15ರಷ್ಟು ಮಂದಿಗೆ ತಾನಾಗಿಯೇ ನಿಲ್ಲುತ್ತದೆ. ನಿದ್ದೆಯಲ್ಲಿರುವ ಮಗುವಿಗೆ ಇಚ್ಛೆಯೇ ಇಲ್ಲ. ಅದಕ್ಕೆ ಬಿದ್ದ ಪ್ರತಿ ಏಟೂ ತಪ್ಪು ಖಾತೆಗೆ ಬಿದ್ದ ಏಟು.

ಇನ್ನು, ಎಷ್ಟು ಮಂದಿ ಬಾಯಿಬಿಟ್ಟು ಹೇಳುತ್ತಾರೆ? ಫ್ರಾನ್ಸ್, ಜರ್ಮನಿ, ಸ್ಪೇನ್, ಬ್ರಿಟನ್ನಿನ 17,080 ಹೆಂಗಸರು ಉತ್ತರಿಸಿದ 2004ರ ಅಧ್ಯಯನದಲ್ಲಿ ಶೇ. 35 ಮಂದಿಗೆ ಹಿಂದಿನ 30 ದಿನಗಳಲ್ಲಿ ಸೋರಿಕೆಯಾಗಿತ್ತು. ಅಂಥವರಲ್ಲಿ ಯಾವಾಗಲಾದರೂ ವೈದ್ಯರಿಗೆ ಹೇಳಿಕೊಂಡವರು ಸ್ಪೇನಿನಲ್ಲಿ ಶೇ. 24, ಬ್ರಿಟನ್ನಿನಲ್ಲಿ 25, ಫ್ರಾನ್ಸಿನಲ್ಲಿ 33, ಜರ್ಮನಿಯಲ್ಲಿ 40. ಬ್ರಿಟನ್ನಿನಲ್ಲಿ ವೈದ್ಯರನ್ನು ಕಾಣಲು ದುಡ್ಡು ಕೊಡಬೇಕಿಲ್ಲ. ಆದರೂ ನಾಲ್ವರಲ್ಲಿ ಮೂವರು ಹೋಗಿರಲಿಲ್ಲ. ‘ವಯಸ್ಸಾಯ್ತಲ್ಲ, ಇನ್ನೇನು’ ಎಂಬ ಮಾತು ನಮ್ಮ ಮನೆಗಳದ್ದಷ್ಟೇ ಅಲ್ಲ.

ಈಗ ನಮ್ಮ ರೂಪಾಯಿಯಲ್ಲಿ ನೋಡೋಣ. ಹಾಸಿಗೆ ಹಿಡಿದವರಿಗೆ ದಿನಕ್ಕೆ ಮೂರು ಡೈಪರ್, ಒಂದಕ್ಕೆ ₹40 ಎಂದು ಹಿಡಿಯಿರಿ. ದಿನಕ್ಕೆ ₹120, ತಿಂಗಳಿಗೆ ₹3,600, ವರ್ಷಕ್ಕೆ ₹43,800. ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ ₹1,200, ವರ್ಷಕ್ಕೆ ₹14,400. ಮನೆಯೊಡತಿಗೆ ಬರುವ ಗೃಹಲಕ್ಷ್ಮಿ ವರ್ಷಕ್ಕೆ ₹24,000. ಎರಡನ್ನೂ ಕೂಡಿದರೆ ₹38,400, ಡೈಪರಿಗೇ ಸಾಲದು. 2025–26ರ ನರೇಗಾ ಕೂಲಿ ದಿನಕ್ಕೆ ₹370ರಂತೆ ನೋಡಿದರೆ ಅದು 118 ದಿನದ ದುಡಿಮೆ, ಯೋಜನೆ ಆಗ ಖಾತರಿ ಕೊಟ್ಟಿದ್ದ 100 ದಿನಕ್ಕಿಂತಲೂ ಹೆಚ್ಚು. ತೆರಿಗೆಯ ಕಥೆಯೂ ಇದೆ. ಸ್ಯಾನಿಟರಿ ಪ್ಯಾಡಿನ ಜಿಎಸ್‌ಟಿ 2018ರ ಜುಲೈನಲ್ಲಿ ಸೊನ್ನೆಯಾಯಿತು. ಡೈಪರ್ ಮೇಲೆ ಶೇ. 12 ಹಾಗೇ ಉಳಿದು, 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಮೇಲಿನ ₹40ರಲ್ಲಿ ಹಳೇ ತೆರಿಗೆ ಸೇರಿದೆ ಎಂದುಕೊಂಡರೆ ವರ್ಷಕ್ಕೆ ಉಳಿಯುವುದು ₹2,700ರಷ್ಟು. ಸ್ಯಾನಿಟರಿ ಪ್ಯಾಡಿಗೆ ಸಿಕ್ಕ ಸೊನ್ನೆ ಇದಕ್ಕೂ ಸಿಗಬೇಕು.

ಬಹುಪಾಲು ಮನೆಗಳಲ್ಲಿ ಡೈಪರೇ ಇಲ್ಲ, ಬಟ್ಟೆ ಇದೆ. ಆ ಬಟ್ಟೆ ಒಗೆಯುವ ಸೊಸೆಯದೋ ಮಗಳದೋ ಕೆಲಸ ಯಾವ ಲೆಕ್ಕದಲ್ಲೂ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಎಂದರೂ ವರ್ಷಕ್ಕೆ 182 ಗಂಟೆ, ಎಂಟು ಗಂಟೆಯ ಕೂಲಿಯಲ್ಲಿ ಸುಮಾರು 23 ದಿನ, ₹8,400ರ ಆಸುಪಾಸು. ಅಮೆರಿಕದ ಆ 70ರಲ್ಲಿ ದುಡ್ಡಾಗಿ ಕಂಡದ್ದು ನಮ್ಮಲ್ಲಿ ಹೆಂಗಸರ ತೋಳಿನ ಬಲವಾಗಿ ಕರಗುತ್ತಿದೆ.

ಇದರ ಎದುರು ಚಿಕಿತ್ಸೆಯ ತಕ್ಕಡಿ ಇಡಿ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಒಂದು ವ್ಯಾಯಾಮ ಹೇಳಿದ. ಮೂತ್ರವನ್ನು ಹಿಡಿದಿಟ್ಟಾಗ ಬಿಗಿಯುವ ಅದೇ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಅಷ್ಟೆ. ಬ್ರಿಟನ್ನಿನ ಮಾರ್ಗಸೂಚಿಯ ಕನಿಷ್ಠ ಪ್ರಮಾಣ: ಒಂದು ಸಲಕ್ಕೆ 8 ಬಿಗಿತ, ದಿನಕ್ಕೆ 3 ಸಲ, ಕಲಿಸುವವರ ನಿಗಾದಲ್ಲಿ 3 ತಿಂಗಳು. ಅಂದರೆ ದಿನಕ್ಕೆ 24, 90 ದಿನಕ್ಕೆ 2,160. ಹತ್ತು ಸೆಕೆಂಡ್ ಹಿಡಿದು ಹತ್ತು ಸೆಕೆಂಡ್ ಬಿಟ್ಟರೆ ದಿನಕ್ಕೆ 8 ನಿಮಿಷ, ಮೂರು ತಿಂಗಳಿಗೆ ಒಟ್ಟು 12 ಗಂಟೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ, ಕೆಮ್ಮು-ಸೀನಿನ ಬಗೆಯ ಸೋರಿಕೆಯವರಲ್ಲಿ ಇದನ್ನು ಮಾಡಿದ ನೂರರಲ್ಲಿ 56 ಮಂದಿ ವಾಸಿಯಾಯಿತು ಎಂದರು, ಮಾಡದವರಲ್ಲಿ 6.

ಅವಸರದ ಬಗೆಗೂ ತರಬೇತಿ ಇದೆ. 55 ದಾಟಿದ 197 ಹೆಂಗಸರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅವಸರ ಬಂದಾಗ ಓಡದೆ ನಿಂತು, ಸ್ನಾಯು ಬಿಗಿದು, ಅಲೆ ಇಳಿದ ಮೇಲೆ ಹೋಗಲು ಕಲಿತವರಿಗೆ ಸೋರಿಕೆ ಶೇ. 80.7ರಷ್ಟು ಕಡಿಮೆಯಾಯಿತು. ಬಾಯಿ ಒಣಗಿಸುವ ಆಕ್ಸಿಬ್ಯುಟಿನಿನ್ ಮಾತ್ರೆಯವರಿಗೆ 68.5, ಬರೀ ಹುಸಿಮಾತ್ರೆಯವರಿಗೆ 39.4. ತೂಕ ಇಳಿಸಿದರೂ ಗುಣವಿದೆ: 2009ರಲ್ಲಿ ವರದಿಯಾದ 338 ದಪ್ಪ ಹೆಂಗಸರ ಪ್ರಯೋಗದಲ್ಲಿ ಸರಾಸರಿ 7.8 ಕಿಲೋ ಇಳಿಸಿದ ಗುಂಪಿಗೆ ವಾರದ ಸೋರಿಕೆಗಳು ಶೇ. 47 ಕಡಿಮೆಯಾದವು, ಒಂದೂವರೆ ಕಿಲೋ ಇಳಿಸಿದ ಗುಂಪಿಗೆ 28.

ಎಲ್ಲರಿಗೂ ಇದು ಒದಗುವುದಿಲ್ಲ. ಬೆನ್ನುಹುರಿಗೆ ಏಟಾದವರಿಗೆ, ಪಾರ್ಶ್ವವಾಯು ಬಡಿದವರಿಗೆ, ಮರೆವಿನ ಕಾಯಿಲೆ ಬಲಿತವರಿಗೆ ಡೈಪರ್ ಬೇಕೇಬೇಕು, ಅದು ಕೈಗೆಟುಕಬೇಕು. ಕ್ಯಾತಿಟರ್ ಹಾಕಿಬಿಟ್ಟರೆ ಸುಲಭ ಎನ್ನುವವರಿಗೂ ಒಂದು ಅಂಕಿ ಗೊತ್ತಿರಲಿ: ಅದು ಒಳಗಿದ್ದ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ. 3ರಿಂದ 7ರಷ್ಟು ಏರುತ್ತದೆ.

ತತ್ವಜ್ಞರು ಹೇಳಿದ ಅಸಂಯಮಕ್ಕೆ ಇಲ್ಲಿ ಜಾಗವಿದ್ದರೆ ಅದು ವ್ಯಾಯಾಮದ ಆ 12 ಗಂಟೆಗಳಲ್ಲಿದೆ. ಮಾಡಬೇಕೆಂದು ಗೊತ್ತು, ಮಾಡುವುದಿಲ್ಲ. ವ್ಯಾಯಾಮ ಎಲ್ಲಕ್ಕೂ ಹೀಗೇ. ಬೈಯಬಹುದಾದ ದೇಹದೋಷ ಯಾವುದೆಂದರೆ ಅಭ್ಯಾಸ ಬಿಟ್ಟು ತಂದುಕೊಂಡದ್ದು ಎಂದು ಅರಿಸ್ಟಾಟಲನೂ ಒಪ್ಪಿದ್ದ. ಆದರೆ ಆ ಮಾತು ಹೊಂದುವುದು ಗೊತ್ತಿದ್ದವರಿಗೆ. ಹೆರಿಗೆಯಾಗಿ ಮನೆಗೆ ಹೋಗುವಾಗ ಬಾಣಂತಿಗೆ ಈ ಎಂಟು ನಿಮಿಷದ ಪಾಠ ಹೇಳಿಕೊಡದಿದ್ದರೆ ಅವಳ ಇಚ್ಛಾಶಕ್ತಿಯ ಮಾತೇ ಬರುವುದಿಲ್ಲ. ಅದೇ ಏಳನೇ ಭಾಗದಲ್ಲಿ ಅರಿಸ್ಟಾಟಲ್ ಅಸಂಯಮಿಯನ್ನು ಒಳ್ಳೆಯ ಕಾನೂನುಗಳನ್ನೆಲ್ಲ ಮಾಡಿಟ್ಟು ಒಂದನ್ನೂ ಬಳಸದ ನಗರಕ್ಕೆ ಹೋಲಿಸುತ್ತಾನೆ. ಪರೀಕ್ಷೆಗೆ 1, ಒರೆಸುವುದಕ್ಕೆ 70 ಕೊಟ್ಟ ವ್ಯವಸ್ಥೆಗೆ ಆ ಹೋಲಿಕೆ ಸರಿಯಾಗಿ ಹೊಂದುತ್ತದೆ. ಸೀನಿದಾಗ ಕಾಲು ಕೂಡಿಸಿಕೊಳ್ಳುವ ಹೆಂಗಸಿಗಲ್ಲ.

ಆ 1ರಲ್ಲಿ ಇರುವುದಾದರೂ ಏನು? ಮನೆಯಲ್ಲೇ ಬರೆದಿಡಬಹುದಾದ ಮೂರು ದಿನದ ಪಟ್ಟಿ: ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಹೋದಿರಿ, ಅಳತೆಯ ಲೋಟದಲ್ಲಿ ಎಷ್ಟು ಮಿಲಿ, ಸೋರಿದ್ದು ಯಾವಾಗ, ಏನು ಮಾಡುತ್ತಿದ್ದಾಗ. ಸೋಂಕು ಮತ್ತು ಸಕ್ಕರೆಗೆ ಮೂತ್ರ ಪರೀಕ್ಷೆ. ಹೋಗಿ ಬಂದ ಮೇಲೂ ಕೋಶದಲ್ಲಿ ಎಷ್ಟು ಉಳಿದಿದೆ ಎಂಬ ಸ್ಕ್ಯಾನ್. ನುಂಗುತ್ತಿರುವ ಮಾತ್ರೆಗಳ ಚೀಟಿ, ಏಕೆಂದರೆ ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಬೆನ್ನುನೋವಿನ ಜೊತೆ ಕಾಲು ಸೋತು, ತೊಡೆಸಂದಿ ಮರಗಟ್ಟಿ ಇದ್ದಕ್ಕಿದ್ದಂತೆ ಸೋರಲು ಶುರುವಾದರೆ ಪಟ್ಟಿ ಬರೆಯುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರು ಪಟ್ಟಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು, ಗಂಡಸರು ಶಸ್ತ್ರಚಿಕಿತ್ಸಾ ವಿಭಾಗಕ್ಕೆ.